ಚಾಡಿಯೋ, ಸಾಕ್ಷಿಯೋ?



ಸಂಜೆ ಶಾಲೆ ಬಿಟ್ಟು ಬಂದ ಮಗು ಪುಸ್ತಕದ ಚೀಲ ಇಳಿಸುತ್ತಲೇ, "ಅಮ್ಮಾ, ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗನನ್ನು ದಿನಾ ಎಲ್ಲರೂ ಸೇರಿ ಅಳಿಸುತ್ತಾರೆ" ಎಂದು ಹೇಳಿತೆನ್ನಿ. ನಮ್ಮ ಮನೆಗಳಲ್ಲಿ ಆ ಮಗುವಿಗೆ ಸಿಗುವ ಉತ್ತರ ಯಾವುದು? "ನಿನಗ್ಯಾಕೆ ಊರ ಉಸಾಬರಿ, ನಿನ್ನ ಪಾಡಿಗೆ ನೀನು ಓದಿಕೋ" ಎಂಬುದು ಒಂದು. "ಚಾಡಿ ಹೇಳೋದನ್ನು ಕಲೀಬೇಡ" ಎಂಬುದು ಇನ್ನೊಂದು. ಶಾಲೆಯಲ್ಲಿ ಮೇಷ್ಟ್ರ ಹತ್ತಿರ ಹೋದರೂ ಅನೇಕ ವೇಳೆ ಇದೇ ಮಾತು. ಮಗುವಿಗೆ ಪಾಠ ಚೆನ್ನಾಗಿಯೇ ಮನದಟ್ಟಾಗುತ್ತದೆ. ಮರುದಿನವೂ ಅದು ಅದೇ ದೃಶ್ಯವನ್ನು ನೋಡುತ್ತದೆ, ಆದರೆ ಬಾಯಿ ಬಿಡುವುದಿಲ್ಲ.

ಶಾಲೆಗಳಲ್ಲಿ ಮಕ್ಕಳು ಮಕ್ಕಳಿಗೇ ಕೊಡುವ ಕಾಟವನ್ನು ತಡೆಯುವುದು ಹೇಗೆ ಎಂದು ಪಾಲಕರು ಕೇಳುತ್ತಾರೆ. ಶಿಸ್ತು ಬಿಗಿ ಮಾಡಬೇಕು, ತುಂಟರಿಗೆ ತಕ್ಕ ಶಾಸ್ತಿ ಆಗಬೇಕು ಎಂಬುದು ಸಾಮಾನ್ಯವಾಗಿ ಹೊಳೆಯುವ ಉತ್ತರ. ನನಗನಿಸುವಂತೆ ಉತ್ತರ ಆರಂಭವಾಗುವುದು ಬೇರೆ ಕಡೆ. ಮೇಲೆ ಹೇಳಿದ ಆ ಮಗು ಹೇಳಿದ್ದು ಚಾಡಿಯೋ, ಸಾಕ್ಷಿಯೋ ಎಂಬುದನ್ನು ನಾವು ಹಿರಿಯರು ಮೊದಲು ತೀರ್ಮಾನಿಸಿಕೊಳ್ಳಬೇಕು.

ಮೊಳಕಾಲ್ಮೂರು ತಾಲ್ಲೂಕಿನ ನಮ್ಮ ರಾಂಪುರವನ್ನೇ ತೆಗೆದುಕೊಳ್ಳಿ. ಬಳ್ಳಾರಿ ರಸ್ತೆಯ ಮೇಲಿರುವ ಈ ಊರಿನ ಶಾಲೆಗಳಿಗೆ ಸುತ್ತಲ ಹಳ್ಳಿ, ಹಟ್ಟಿಗಳಿಂದ ಮಕ್ಕಳು ಬರುತ್ತಾರೆ. ಆಂಧ್ರದ ಗಡಿ ಹತ್ತಿರವಾದ್ದರಿಂದ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಶೇಂಗಾ ಹೊಲದಲ್ಲಿ ಕೂಲಿ ಮಾಡುವವರ ಮಕ್ಕಳು, ಅಂಗಡಿಯವರ ಮಕ್ಕಳು, ನೌಕರರ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಇದು ಸಂತೋಷಪಡಬೇಕಾದ ಸಂಗತಿ. ಆದರೆ ಮಕ್ಕಳ ಕಣ್ಣು ಬಹಳ ಚುರುಕು. ಯಾರಿಗೆ ಆಸರೆ ಕಡಿಮೆ ಎಂಬುದು ಅವರಿಗೆ ಎರಡೇ ದಿನದಲ್ಲಿ ಗೊತ್ತಾಗಿಬಿಡುತ್ತದೆ. ಕನ್ನಡ ಓದುವಾಗ ತೆಲುಗಿನ ಧಾಟಿ ಇಣುಕಿದವಳು, ಮಾತು ತೊದಲುವವನು, ಮೈಬಣ್ಣ ಕಪ್ಪಾಗಿರುವವಳು, ಮಳೆ ಕೈಕೊಟ್ಟ ವರ್ಷ ತಂದೆತಾಯಿ ಬೆಂಗಳೂರಿಗೆ ದುಡಿಯಲು ಹೋಗಿ ಅಜ್ಜಿಯ ಬಳಿ ಉಳಿದವನು, ಇಂಥವರೇ ಮೊದಲು ಸಿಕ್ಕಿಬೀಳುವವರು. ಇನ್ನು ಜಾತಿಯ ಹೆಸರು ಹಿಡಿದು ಕರೆಯುವುದಂತೂ ಮಕ್ಕಳು ತಾವಾಗಿ ಕಂಡುಹಿಡಿದದ್ದಲ್ಲ, ಮನೆಯಿಂದ ತಂದದ್ದು.

ಇಂಗ್ಲಿಷಿನಲ್ಲಿ ಇದಕ್ಕೆ 'ಬುಲ್ಲಿಯಿಂಗ್' ಎಂಬ ಒಂದೇ ಪದವಿದೆ. ನಮ್ಮಲ್ಲಿ ರೇಗಿಸುವುದು, ಅಣಕಿಸುವುದು, ಕಿಚಾಯಿಸುವುದು, ಗೋಳು ಹೊಯ್ದುಕೊಳ್ಳುವುದು ಎಂದು ಹಲವು ಮಾತುಗಳಿವೆ. ಅವುಗಳಲ್ಲಿ ಹೆಚ್ಚಿನವು ತಮಾಷೆಗೂ ಸಲ್ಲುತ್ತವೆ, ಹಿಂಸೆಗೂ ಸಲ್ಲುತ್ತವೆ. "ಸುಮ್ಮನೆ ರೇಗಿಸಿದ್ವಿ ಸಾರ್" ಎಂದು ಹೇಳಿ ಪಾರಾಗುವುದು ಅದಕ್ಕೇ ಸುಲಭ. ಹಾಗಾದರೆ ಎರಡರ ನಡುವಿನ ಗೆರೆ ಎಲ್ಲಿದೆ? ನಾರ್ವೆ ದೇಶದಲ್ಲಿ ಈ ವಿಷಯವನ್ನು ಹಲವು ದಶಕ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಒಲ್ವೇಯಸ್ ಮೂರು ಗುರುತುಗಳನ್ನು ಹೇಳಿದರು: ನೋವು ಬೇಕೆಂದೇ ಕೊಟ್ಟದ್ದು, ಮತ್ತೆ ಮತ್ತೆ ಕೊಟ್ಟದ್ದು, ಮತ್ತು ತನ್ನನ್ನು ತಾನು ಕಾಪಾಡಿಕೊಳ್ಳಲಾಗದವರಿಗೆ ಕೊಟ್ಟದ್ದು. ಸರಿಸಮಾನರಾದ ಇಬ್ಬರು ಹುಡುಗರು ಗೋಲಿಗಾಗಿ ಒಂದು ದಿನ ಜಗಳವಾಡಿದರೆ ಅದು ಕಾಟವಲ್ಲ. ಐದಾರು ಮಂದಿ ಒಬ್ಬನ ಚಪ್ಪಲಿಯನ್ನು ದಿನಾ ಬಚ್ಚಿಟ್ಟರೆ ಅದು ಕಾಟ.

ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿಯೇ ಈ ಗೆರೆಯ ಬಗ್ಗೆ ಯೋಚಿಸಿದ್ದರು. ವಿನೋದದ ಮಾತು ತಪ್ಪಲ್ಲ ಎನ್ನುತ್ತಾರೆ ಅವರು. ಆದರೆ ಸುತ್ತಲಿದ್ದವರನ್ನು ನಗಿಸುವುದಕ್ಕಾಗಿ ಒಬ್ಬನ ಮನಸ್ಸು ನೋಯಿಸಲು ಹಿಂಜರಿಯದಿದ್ದರೆ ಅದು ಪಾಪ. ಆಟದ ನೆಪದಲ್ಲಿ ಜೋರಾಗಿ ಹೊಡೆದು ಗಾಯ ಮಾಡಿದ ಹಾಗೆ. ಗಮನಿಸಿ, ಇಲ್ಲಿ ಕೇವಲ ಇಬ್ಬರಿಲ್ಲ. ಹೊಡೆಯುವವನಿದ್ದಾನೆ, ನೋಯುವವನಿದ್ದಾನೆ, ಜೊತೆಗೆ ನಗುವವರಿದ್ದಾರೆ. ಈ ಮೂರನೆಯವರನ್ನು ನಾವು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ.

ಆದಿಕಾಂಡದ 37ನೆಯ ಅಧ್ಯಾಯದಲ್ಲಿ ಬರುವ ಜೋಸೆಫನ ಕಥೆ ನಿಮಗೆಲ್ಲ ಗೊತ್ತಿರುವುದೇ. ಈ ಬಾರಿ ಅದನ್ನು ಶಾಲೆಯ ಅಂಗಳದ ಕಥೆಯೆಂಬಂತೆ ಓದಿ ನೋಡಿ. ತಂದೆ ಯಕೋಬ ಹಲವು ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಅಂದದ ನಿಲುವಂಗಿ ಹೊಲಿಸಿಕೊಟ್ಟ. ಅಸೂಯೆಯ ಬೀಜ ಮನೆಯಲ್ಲೇ ಬಿತ್ತು. ಕನಸು ಕಾಣುವವನೆಂದು ಅಣ್ಣಂದಿರು ಜೋಸೆಫನಿಗೆ ಅಡ್ಡಹೆಸರಿಟ್ಟರು. ಕೈಮಾಡಿದ್ದು ಮನೆಯ ಮುಂದಲ್ಲ, ತಂದೆಯ ಕಣ್ಣಿಗೆ ಬೀಳದಷ್ಟು ದೂರದ ಹುಲ್ಲುಗಾವಲಿನಲ್ಲಿ. ಜೋಸೆಫನೂ ದೋಷವಿಲ್ಲದ ಹುಡುಗನೇನಲ್ಲ, ಅಣ್ಣಂದಿರ ಮೇಲೆ ತಂದೆಗೆ ದೂರು ಒಯ್ದವನೇ. ಆದರೆ ಹಾಳುಬಾವಿಗೆ ತಳ್ಳಿಸಿಕೊಳ್ಳುವುದಕ್ಕೆ ಅದು ಕಾರಣವಾಗಲಾರದು.

ಈ ಕಥೆಯಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಹಿರಿಯ ಅಣ್ಣ ರೂಬೇನನ ಮೇಲೆ. ಅವನು ಕೆಟ್ಟವನಲ್ಲ. ಕೊಲ್ಲಬೇಡಿ, ಬಾವಿಗೆ ಹಾಕಿ ಸಾಕು ಎಂದ. ಆಮೇಲೆ ಗುಟ್ಟಾಗಿ ಬಂದು ತಮ್ಮನನ್ನು ಮೇಲೆತ್ತಿ ತಂದೆಗೆ ಒಪ್ಪಿಸಬೇಕೆಂಬುದು ಅವನ ಲೆಕ್ಕ. ಆದರೆ ಆ ಲೆಕ್ಕವನ್ನು ತಮ್ಮಂದಿರ ಎದುರು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಅವನು ತಿರುಗಿ ಬರುವಷ್ಟರಲ್ಲಿ ಬಾವಿ ಬರಿದಾಗಿತ್ತು. ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ವ್ಯಾಪಾರ ಮುಗಿದಿತ್ತು. ನಮ್ಮ ತರಗತಿಗಳಲ್ಲಿ ತುಂಬಿರುವವರು ರೂಬೇನರೇ. ಒಳಗೊಳಗೆ ಮರುಗುವವರು, ಆಮೇಲೆ ಸಮಾಧಾನ ಹೇಳೋಣ ಎಂದುಕೊಳ್ಳುವವರು, ಆ ಕ್ಷಣದಲ್ಲಿ ಮಾತ್ರ ಸುಮ್ಮನಿರುವವರು. ಎಷ್ಟೋ ವರ್ಷಗಳ ಮೇಲೆ ಈಜಿಪ್ಟಿನಲ್ಲಿ ಕಷ್ಟಕ್ಕೆ ಸಿಕ್ಕಿಕೊಂಡಾಗ ಆ ಅಣ್ಣಂದಿರಿಗೆ ನೆನಪಾದದ್ದು ತಮ್ಮನ ಅಂಗಲಾಚುವ ದನಿ. ಅಂದು ಕೇಳಿಸಿಯೂ ಕೇಳದಂತಿದ್ದ ಆ ದನಿ ಅವರನ್ನು ಬಿಟ್ಟಿರಲಿಲ್ಲ.

ಸುತ್ತ ನಿಂತವರ ಕೈಯಲ್ಲಿ ಎಷ್ಟು ಶಕ್ತಿ ಇದೆ ಎಂಬುದನ್ನು ಈಚಿನ ಸಂಶೋಧನೆಗಳೂ ತೋರಿಸಿವೆ. ಕೆನಡಾದ ಟೊರಾಂಟೊ ನಗರದ ಶಾಲಾ ಮೈದಾನಗಳಲ್ಲಿ ಕ್ಯಾಮೆರಾ ಮತ್ತು ಮೈಕ್ ಇಟ್ಟು ಮಾಡಿದ, 2001ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಕಾಟ ಕೊಟ್ಟ ಪ್ರಸಂಗಗಳಲ್ಲಿ ಶೇಕಡಾ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಆದರೆ ಅವರು ನಡುವೆ ಬಂದದ್ದು ಶೇಕಡಾ 19ರಲ್ಲಿ ಮಾತ್ರ. ಹಾಗೆ ಯಾರಾದರೂ ನಡುವೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಅಂದರೆ ಶೇಕಡಾ 57ರಷ್ಟು ಸಲ, ಹತ್ತೇ ಸೆಕೆಂಡುಗಳಲ್ಲಿ ಕಾಟ ನಿಂತುಹೋಯಿತು. "ಬಿಡೋ, ಸಾಕು" ಎನ್ನಲು ಬೇಕಾಗುವಷ್ಟೇ ಸಮಯ.

ನಾರ್ವೆಯಲ್ಲಿ ದೇಶಕ್ಕೆ ದೇಶವೇ ಎಚ್ಚೆತ್ತದ್ದು ದುಃಖದ ಸಂಗತಿಯೊಂದರಿಂದ. 1982ರ ಕೊನೆಯಲ್ಲಿ 10ರಿಂದ 14 ವರ್ಷದೊಳಗಿನ ಮೂವರು ಹುಡುಗರು ಪ್ರಾಣ ಕಳೆದುಕೊಂಡರು. ಜೊತೆಯ ಮಕ್ಕಳ ಕಾಟವೇ ಕಾರಣವಿರಬೇಕೆಂದು ತಿಳಿದುಬಂತು. ಮರುವರ್ಷವೇ ಸರ್ಕಾರ ದೇಶವ್ಯಾಪಿ ಆಂದೋಲನ ಆರಂಭಿಸಿತು. ಬೆರ್ಗೆನ್ ನಗರದ 42 ಶಾಲೆಗಳ ಸುಮಾರು 2,500 ಮಕ್ಕಳ ನಡುವೆ ಒಲ್ವೇಯಸ್ ಎರಡು ವರ್ಷ ತಮ್ಮ ಕ್ರಮವನ್ನು ನಡೆಸಿದಾಗ ಕಾಟ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ಇಳಿಯಿತು. ಅವರು ಮಾಡಿದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಬಿಡುವಿನ ವೇಳೆಯಲ್ಲಿ ಶಿಕ್ಷಕರು ಮೈದಾನದಲ್ಲಿ ಇರುವುದು, ತರಗತಿಗೆ ಎರಡು ಮೂರು ಸರಳ ನಿಯಮ, ವಾರಕ್ಕೊಮ್ಮೆ ಮಕ್ಕಳೊಡನೆ ಕುಳಿತು ಮಾತುಕತೆ, ಕಾಟ ಕೊಟ್ಟವನೊಡನೆಯೂ ಅವನ ತಂದೆತಾಯಿಯೊಡನೆಯೂ ಗಂಭೀರವಾದ ಮಾತು. ಮುಂದೆ ಫಿನ್‌ಲೆಂಡಿನ ತುರ್ಕು ವಿಶ್ವವಿದ್ಯಾನಿಲಯದವರು ರೂಪಿಸಿ, 2009ರಿಂದ ಆ ದೇಶದ ಹೆಚ್ಚಿನ ಶಾಲೆಗಳಿಗೆ ಹರಡಿದ 'ಕಿವಾ' ಎಂಬ ಕಾರ್ಯಕ್ರಮ ಸುತ್ತ ನಿಂತ ಮಕ್ಕಳನ್ನು ತಿದ್ದುವುದನ್ನೇ ಮುಖ್ಯವಾಗಿ ಇಟ್ಟುಕೊಂಡಿತು. ನೋಡಿ ನಗುವವರಿಲ್ಲದಿದ್ದರೆ ಕಾಟ ಕೊಡುವವನಿಗೆ ಅದರಲ್ಲಿ ರುಚಿ ಉಳಿಯುವುದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನೋಡಿದ ಮಗು ಬಂದು ಹೇಳಿದರೆ ಅದು ಚಾಡಿಯೇ? ಚಾಡಿ ಎಂಬುದು ನಿಜವಾಗಿಯೂ ಕೆಟ್ಟ ಗುಣ. ಅದನ್ನು ಬೆಳೆಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಚಾಡಿಯ ಗುರಿ ಒಬ್ಬನನ್ನು ತೊಂದರೆಗೆ ಸಿಕ್ಕಿಸುವುದು. ಸಾಕ್ಷಿಯ ಗುರಿ ಒಬ್ಬನನ್ನು ತೊಂದರೆಯಿಂದ ಬಿಡಿಸುವುದು. ಹೇಳುವ ಮಾತು ಎರಡರಲ್ಲೂ ಒಂದೇ ಇರಬಹುದು, ಉದ್ದೇಶ ಬೇರೆ. "ಟೀಚರ್, ಅವನು ಹೋಂವರ್ಕ್ ಮಾಡಿಲ್ಲ" ಎಂಬುದರಿಂದ ಯಾರಿಗೂ ಉಪಕಾರವಿಲ್ಲ. "ಟೀಚರ್, ಶೌಚಾಲಯದ ಹಿಂದೆ ಅವಳ ಜಡೆ ಹಿಡಿದು ಎಳೆಯುತ್ತಿದ್ದಾರೆ" ಎಂಬುದರಿಂದ ಒಂದು ಮಗು ಉಳಿಯುತ್ತದೆ. ಈ ವ್ಯತ್ಯಾಸವನ್ನು ಆರು ವರ್ಷದ ಮಗುವಿಗೂ ತಿಳಿಸಬಹುದು. "ನೀನು ಹೇಳುವುದರಿಂದ ಯಾರಾದರೂ ಪಾರಾಗುತ್ತಾರಾ?" ಎಂದು ಕೇಳಿದರೆ ಸಾಕು.

ಸುಳ್ಳು ಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆಯನ್ನು ನಾವು ಜ್ಞಾನೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಕಂಡದ್ದನ್ನು ಹೇಳಬೇಕಾದಾಗ ಹೇಳದೆ ಇರುವವನೂ ದೋಷಿಯೇ ಎಂಬ ಮಾತು ಯಾಜಕಕಾಂಡದ 5ನೆಯ ಅಧ್ಯಾಯದ ಮೊದಲಿಗೇ ಇರುವುದನ್ನು ಮಾತ್ರ ನೆನಪಿಸುವುದಿಲ್ಲ. ಪರನಿಂದೆಯನ್ನು ತಡೆಯಬಲ್ಲವನು ತಡೆಯದೆ ಕಿವಿಗೊಟ್ಟರೆ ಅವನೂ ಆ ಪಾಪದಲ್ಲಿ ಪಾಲುಗಾರನೆಂದು ಅಕ್ವಿನಾಸರು ಬರೆಯುತ್ತಾರೆ. ಪೂಜೆಯ ಆರಂಭದಲ್ಲಿ ಎದೆ ತಟ್ಟಿಕೊಳ್ಳುವಾಗ ನಾವು ಕರ್ತವ್ಯಲೋಪಕ್ಕೂ ಕ್ಷಮೆ ಬೇಡುತ್ತೇವಲ್ಲವೇ? ಮಕ್ಕಳ ಪಾಲಿಗೆ ಆ ಪದದ ಅರ್ಥ ಶಾಲೆಯ ಅಂಗಳದಲ್ಲೇ ಇದೆ.

ಆದರೆ ಇಲ್ಲಿ ಒಂದು ಕಠಿಣವಾದ ಆಕ್ಷೇಪಣೆಯಿದೆ, ಅದನ್ನು ತೇಲಿಸಿಬಿಡುವುದು ನ್ಯಾಯವಲ್ಲ. "ಸ್ವಾಮಿ, ಹೇಳಿದವನಿಗೇ ಏಟು ಬಿದ್ದರೆ?" ಈ ಭಯ ಸುಳ್ಳಲ್ಲ. 2023ರ ಆಗಸ್ಟ್‌ನಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ ನಡೆದದ್ದನ್ನು ನೆನೆಯಿರಿ. 12ನೆಯ ತರಗತಿಯ ದಲಿತ ಹುಡುಗನೊಬ್ಬ ಜಾತಿ ಹಿಡಿದು ತನಗೆ ಕೊಡುತ್ತಿದ್ದ ಕಾಟದ ಬಗ್ಗೆ ಶಾಲೆಗೆ ತಿಳಿಸಿದ. ಅಂದೇ ರಾತ್ರಿ ಮನೆಗೆ ನುಗ್ಗಿ ಅವನನ್ನು ಕುಡುಗೋಲಿನಿಂದ ಕಡಿದರು. ಅಡ್ಡ ಬಂದ ತಂಗಿಗೂ ಗಾಯಗಳಾದವು. ಪೊಲೀಸರು ವಶಕ್ಕೆ ತೆಗೆದುಕೊಂಡವರಲ್ಲಿ ಅವನ ಶಾಲೆಯ ಹುಡುಗರೂ ಇದ್ದರು. ಆಮೇಲೆ ಅಲ್ಲಿನ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿಯನ್ನು ನೇಮಿಸಿತು. 2024ರ ಜೂನ್‌ನಲ್ಲಿ ಬಂದ ಅವರ ವರದಿಯಲ್ಲಿ, ಮಕ್ಕಳು ಜಾತಿ ಗುರುತಿಗಾಗಿ ಕೈಗೆ ಬಣ್ಣದ ದಾರ ಕಟ್ಟಿಕೊಳ್ಳುವುದನ್ನು ನಿಲ್ಲಿಸಬೇಕೆಂಬುದೂ ಒಂದು ಶಿಫಾರಸು.

ಇದರಿಂದ ನಾವು ಏನು ಕಲಿಯಬೇಕು? ಸುಮ್ಮನಿರುವುದೇ ಲೇಸೆಂದೇ? ಹಾಗಾದರೆ ಕಾಟ ಕೊಡುವವರೇ ಗೆದ್ದ ಹಾಗಾಯಿತು. ಸತ್ಯ ಹೇಳೆಂದು ಮಗುವಿಗೆ ಬೋಧಿಸುವ ಹಕ್ಕು, ಹೇಳಿದ ಮಗುವನ್ನು ಕಾಯುವ ಹಿರಿಯರಿಗೆ ಮಾತ್ರ ಇದೆ ಎಂಬುದೇ ನಾನು ಕಾಣುವ ಪಾಠ. ದೂರು ತಂದ ಮಗುವಿನ ಹೆಸರನ್ನು ತರಗತಿಯಲ್ಲಿ ಎತ್ತಿ ಹೇಳಬಾರದು. ಇಬ್ಬರನ್ನೂ ಎಲ್ಲರೆದುರು ನಿಲ್ಲಿಸಿ "ಕೈ ಕುಲುಕಿ, ರಾಜಿಯಾಗಿ" ಎನ್ನಬಾರದು. ಬೇರೆ ಬೇರೆಯಾಗಿ ಕರೆದು ಮಾತಾಡಬೇಕು. ಒಮ್ಮೆ ವಿಚಾರಿಸಿ ಬಿಡದೆ, ವಾರ ಕಳೆದ ಮೇಲೆ, ತಿಂಗಳು ಕಳೆದ ಮೇಲೆ ಮತ್ತೆ ಕೇಳಬೇಕು. ಶಾಲೆಗೆ ಹೋಗುವ ಬರುವ ದಾರಿಯಲ್ಲಿ ಜೊತೆ ಇರುವಂತೆ ನೋಡಿಕೊಳ್ಳಬೇಕು. ಬೆದರಿಕೆ ಇದ್ದರೆ ಅದು ಶಾಲೆಯ ಗೋಡೆಯೊಳಗೆ ಮುಗಿಸುವ ವಿಷಯವಲ್ಲ, ಪೊಲೀಸರಿಗೆ ತಿಳಿಸಬೇಕಾದ ವಿಷಯ.

ಇನ್ನೆರಡು ಉಪದೇಶಗಳು ನಮ್ಮ ಮನೆಗಳಲ್ಲಿ ಬಳಕೆಯಲ್ಲಿವೆ. "ನೀನೂ ತಿರುಗಿಸಿ ಬಾರಿಸು" ಎಂಬುದು ಒಂದು. ತಿರುಗಿಸಿ ಬಾರಿಸಲು ಆಗುವಂತಿದ್ದರೆ ಆ ಮಗು ಕಾಟಕ್ಕೆ ಸಿಕ್ಕುತ್ತಲೇ ಇರಲಿಲ್ಲ. ಅದರ ಸೋಲಿನ ಮೇಲೆ ಇನ್ನೊಂದು ಸೋಲನ್ನು ನಾವು ಹೇರಿದಂತಾಗುತ್ತದೆ. "ಯೇಸುಸ್ವಾಮಿ ಇನ್ನೊಂದು ಕೆನ್ನೆ ತೋರಿಸು ಅಂದಿದ್ದಾರೆ, ಸಹಿಸಿಕೋ" ಎಂಬುದು ಇನ್ನೊಂದು. ಶುಭಸಂದೇಶವನ್ನು ಅರ್ಧಕ್ಕೆ ಓದಿದರೆ ಹೀಗಾಗುತ್ತದೆ. ಪ್ರಧಾನ ಯಾಜಕನ ಎದುರು ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದಾಗ ಯೇಸುಸ್ವಾಮಿ ಸುಮ್ಮನಿರಲಿಲ್ಲ. ನನ್ನನ್ನು ಏಕೆ ಹೊಡೆದೆ ಎಂದು ಅವನನ್ನೇ ಕೇಳಿದರೆಂದು ಸಂತ ಯೊವಾನ್ನರ ಶುಭಸಂದೇಶದಲ್ಲಿದೆ. ತಿರುಗಿ ಹೊಡೆಯಲಿಲ್ಲ, ಅನ್ಯಾಯವನ್ನು ಅನ್ಯಾಯವೆಂದು ಕರೆಯದೆಯೂ ಬಿಡಲಿಲ್ಲ. ಕ್ಷಮಿಸುವುದು ನೊಂದವರು ತಾವಾಗಿ ಕೊಡುವ ದಾನ. ಕಾಪಾಡಬೇಕಾದ ಹಿರಿಯರು ತಮ್ಮ ಶ್ರಮ ಉಳಿಸಿಕೊಳ್ಳಲು ಮಗುವಿನಿಂದ ಅದನ್ನು ವಸೂಲಿ ಮಾಡಬಾರದು.

ಕಾಟ ಕೊಟ್ಟ ಹುಡುಗನಿಗೆ ಬೆತ್ತದ ರುಚಿ ತೋರಿಸಿದರೆ ಸರಿಹೋಗುತ್ತಾನೆ ಎನ್ನುವವರೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ. ಬಲವಿದ್ದವನು ಬಲವಿಲ್ಲದವನನ್ನು ಹೊಡೆಯಬಹುದು ಎಂಬುದೇ ಅವನು ಈಗಾಗಲೇ ತಪ್ಪಾಗಿ ಕಲಿತಿರುವ ಪಾಠ. ಬೆತ್ತ ಅದನ್ನೇ ಖಾತ್ರಿಪಡಿಸುತ್ತದೆ. ಆ ಹುಡುಗನೂ ನಮ್ಮ ಮಗುವೇ. ಮನೆಯಲ್ಲಿ ಏಟು ತಿಂದು ಬಂದು ಶಾಲೆಯಲ್ಲಿ ಅದನ್ನು ಇನ್ನೊಬ್ಬನಿಗೆ ದಾಟಿಸುತ್ತಿರಬಹುದು. ಅವನು ಮಾಡಿದ್ದು ತಪ್ಪೆಂದು ಖಡಾಖಂಡಿತವಾಗಿ ಹೇಳೋಣ, ಕಿತ್ತುಕೊಂಡದ್ದನ್ನು ಹಿಂದಿರುಗಿಸುವಂತೆ ಮಾಡೋಣ, ಆದರೆ ಅವನನ್ನು ಕೈಬಿಡದಿರೋಣ.

ಶಾಲೆಗಳ ಕೆಲಸ ಏನು? ಸಂತ ಜಾನ್ ಬೋಸ್ಕೊ 1877ರಲ್ಲಿ ಬರೆದ ಕಿರುಹೊತ್ತಗೆಯೊಂದರಲ್ಲಿ ತಪ್ಪಾದ ಮೇಲೆ ದಂಡಿಸುವ ಪದ್ಧತಿಗಿಂತ ತಪ್ಪಾಗದಂತೆ ತಡೆಯುವ ಪದ್ಧತಿಯೇ ಮೇಲೆಂದು ವಾದಿಸಿದರು. ಅದರ ತಿರುಳು ಹಿರಿಯರು ಮಕ್ಕಳ ನಡುವೆ ಇರುವುದು. 1884ರಲ್ಲಿ ರೋಮಿನಿಂದ ಬರೆದ ಪತ್ರದಲ್ಲಿ ಅವರು ದುಃಖಪಟ್ಟದ್ದೂ ಇದಕ್ಕೇ: ಬಿಡುವಿನಲ್ಲಿ ಗುರುಗಳು ತಮ್ಮ ತಮ್ಮಲ್ಲೇ ಮಾತಾಡಿಕೊಂಡಿದ್ದಾರೆ, ಮಕ್ಕಳ ಜೊತೆ ಆಡುವವರು ಕಡಿಮೆಯಾಗಿದ್ದಾರೆ ಎಂದು. ನಮ್ಮ ಶಾಲೆಗಳಲ್ಲಿಯೂ ಕಾಟ ನಡೆಯುವುದು ಪಾಠದ ಹೊತ್ತಿನಲ್ಲಿ ಅಲ್ಲ. ನಲ್ಲಿಯ ಬಳಿ, ಶೌಚಾಲಯದ ಹಿಂದೆ, ಬಿಸಿಯೂಟದ ಸಾಲಿನಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ, ಹಟ್ಟಿಗೆ ಹೋಗುವ ಒಂಟಿ ದಾರಿಯಲ್ಲಿ, ಹಾಸ್ಟೆಲಿನಲ್ಲಿ ದೀಪ ಆರಿದ ಮೇಲೆ, ಈಗಂತೂ ಮೊಬೈಲಿನ ವಾಟ್ಸಾಪ್ ಗುಂಪಿನಲ್ಲಿ. ಶಾಲೆಯ ನಕ್ಷೆಯೊಂದನ್ನು ಬರೆದು ಮಕ್ಕಳ ಕೈಗೆ ಕೊಟ್ಟು, ಎಲ್ಲೆಲ್ಲಿ ಭಯವಾಗುತ್ತದೆಯೋ ಅಲ್ಲಿ ಹೆಸರಿಲ್ಲದೆ ಒಂದು ಗುರುತು ಹಾಕಿ ಎಂದು ಹೇಳಿ ನೋಡಿ. ಆಮೇಲೆ ಆ ಜಾಗದಲ್ಲಿ ಆ ಹೊತ್ತಿಗೆ ಒಬ್ಬ ಹಿರಿಯರು ನಿಲ್ಲಲಿ. ಇದಕ್ಕೆ ಹಣ ಬೇಕಿಲ್ಲ.

ಊರಿನ ಕೆಲಸವೂ ಇದೆ. ಸರ್ಕಾರಿ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪಾಲಕರಿಗೆ ಸ್ಥಾನವಿದೆ. ಕಟ್ಟಡ, ಕಾಂಪೌಂಡುಗಳ ಜೊತೆಗೆ ಈ ವಿಷಯವೂ ಅಲ್ಲಿ ಚರ್ಚೆಗೆ ಬರಲಿ. ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಇದನ್ನು ಎತ್ತುವಂತೆ ಹುರಿದುಂಬಿಸಿ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ಪ್ರತಿ ಮಗುವಿಗೂ ಬಾಯಿಪಾಠವಾಗಿರಲಿ. ಅದಕ್ಕೆ ಕರೆ ಮಾಡಲು ಹಣ ತಗಲುವುದಿಲ್ಲ.

ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆಹಚ್ಚಿದರು. ತಂದೆತಾಯಿಯ ಮಾತು ಕೇಳಬೇಕು, ಹಿರಿಯರಿಗೆ ವಿಧೇಯರಾಗಿರಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಸತ್ಯ ನುಡಿಯಬೇಕು ಎಂದು ಅದು ಸಾರುತ್ತದೆ. ಇವುಗಳಲ್ಲಿ ಮೇಲಿರುವವರಿಗೆ ಸಲ್ಲಿಸಬೇಕಾದ ಮರ್ಯಾದೆಯನ್ನು ನಾವು ಇಂದಿಗೂ ಮಕ್ಕಳಿಗೆ ಕಲಿಸುತ್ತೇವೆ, ಗುರುಗಳು ಬಂದರೆ ಎದ್ದು ನಿಲ್ಲಿಸುತ್ತೇವೆ. ಆದರೆ ಅದೇ ಬಂಡೆಯ ಮೇಲೆ ಜೀವಿಗಳ ಬಗೆಗಿನ ದಯೆ ಗಟ್ಟಿಯಾಗಬೇಕೆಂಬ ಮಾತೂ ಇದೆ. ಪಕ್ಕದ ಬೆಂಚಿನವನಿಗೆ, ಕೊನೆಯ ಸಾಲಿನವಳಿಗೆ ಸಲ್ಲಬೇಕಾದದ್ದು ಅದು. ಗುರುವಿನ ಮುಂದೆ ಕೈಕಟ್ಟಿ ನಿಂತು, ಅವರ ಬೆನ್ನ ಹಿಂದೆ ಸಹಪಾಠಿಯ ಊಟದ ತಟ್ಟೆಗೆ ಮಣ್ಣು ಹಾಕುವ ಮಗು ಅರ್ಧ ಪಾಠವನ್ನು ಮಾತ್ರ ಕಲಿತಿದೆ.

ಆದ್ದರಿಂದ ಪ್ರಿಯ ಪಾಲಕರೇ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಎಷ್ಟು ಅಂಕ ಬಂತೆಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ: "ಇವತ್ತು ನಿಮ್ಮ ಕ್ಲಾಸಿನಲ್ಲಿ ಒಬ್ಬರೇ ಕೂತು ಊಟ ಮಾಡಿದವರು ಯಾರು?" ಉತ್ತರ ಬಂದರೆ, ನಾಳೆ ಅವರ ಪಕ್ಕದಲ್ಲಿ ಕೂರುವಂತೆ ಹೇಳಿ. ಇನ್ನೂ ಹೆಚ್ಚಿನದೇನಾದರೂ ಮಗು ಹೇಳಲು ಬಾಯಿ ತೆರೆದರೆ, ಕೈಯ ತುತ್ತನ್ನು ತಟ್ಟೆಯಲ್ಲೇ ಇಟ್ಟು ಕೇಳಿಸಿಕೊಳ್ಳಿ. ಒಂಟಿಯಾಗಿ ಕುಳಿತವರು ನಿಮ್ಮ ಮಗುವೇ ಆಗಿರಲೂಬಹುದು. ಆಗ ಇನ್ನೊಂದು ಮನೆಯಲ್ಲಿ ಇನ್ನೊಬ್ಬ ತಾಯಿ ಇದೇ ಪ್ರಶ್ನೆ ಕೇಳುತ್ತಿರಲಿ ಎಂದು ನೀವು ಬಯಸುವುದಿಲ್ಲವೇ?